ಮಹಾರಾಜರ ಹೆಸರಿನಾಚೆ ಒಂದು ಕ್ಲಾರಿನೆಟ್

ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ಪೋಷಕರಾಗಿದ್ದರು ಎಂದು ಹೆಮ್ಮೆಯಿಂದ ಬರೆಯುತ್ತೇವೆ. ಅವರ ನೆರವಿನಿಂದ ಬಂದ ಧ್ವನಿಮುದ್ರಿಕೆಗಳನ್ನು ಕೇಳಿ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. 1949ರಲ್ಲಿ ಹರ್ಬರ್ಟ್ ಫಾನ್ ಕರಾಯನ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದಿಂದ ನುಡಿಸಿದ ಬಾಲಾಕಿರೆವ್‌ನ ಮೊದಲ ಸಿಂಫನಿ ಅಂಥದ್ದೊಂದು. ಬಾಲಾಕಿರೆವ್ 1864ರಲ್ಲಿ ಶುರುಮಾಡಿ 1897ರಲ್ಲಿ ಮುಗಿಸಿದ ಕೃತಿ; ಆಗಿನ ರೆಕಾರ್ಡು ಕಂಪನಿಗಳಿಗೆ ಲಾಭದ ಸರಕೇನಲ್ಲ.

ಇದರ ಕೊನೆಯ ಭಾಗವನ್ನು ಮೆಚ್ಚುವುದು ಸುಲಭ. ರಷ್ಯನ್ ಧಾಟಿಗಳು, ಹಿತ್ತಾಳೆ ವಾದ್ಯಗಳ ಅಬ್ಬರ, ಮುಕ್ತಾಯಕ್ಕೆ ಪೊಲೊನೇಸ್ ಕುಣಿತದ ಲಯ. ನಾನು ಬೈಲಹೊಂಗಲ ಸೀಮೆಯವನು. ಕರಡಿ ಮಜಲು ಏರುತ್ತ ಹೋಗುವುದನ್ನು ಕೇಳಿ ಬೆಳೆದ ಕಿವಿಗೆ ಇಂಥ ಏರಿಕೆ ಹೊಸದಲ್ಲ. ಹಳೆಯ ಮೋನೋ ಮುದ್ರಣದಲ್ಲಂತೂ ಅದು, ಮಜಲಿನವರನ್ನು ಅಡುಗೆಮನೆಯೊಳಗೆ ಕೂಡಿಹಾಕಿದ ಹಾಗೆ, ಇಕ್ಕಟ್ಟಾಗಿ ಕೇಳುತ್ತದೆ.

ಮೂರನೆಯ ಭಾಗದ, ಆಂಡಾಂಟೆಯ, ಮಾತೇ ಬೇರೆ. ಕ್ಲಾರಿನೆಟ್ ಒಂದು ಉದ್ದನೆಯ ರಾಗವನ್ನು ಎತ್ತಿಕೊಳ್ಳುತ್ತದೆ, ಕೆಳಗೆ ತಂತಿವಾದ್ಯಗಳ ಮೆತ್ತನೆಯ ಹಾಸು. ಕರಾಯನ್ ಅವಸರ ಮಾಡುವುದಿಲ್ಲ, ವಾದಕನ ಉಸಿರಿಗೆ ಜಾಗ ಬಿಡುತ್ತಾರೆ. ಸವದತ್ತಿ ಗುಡ್ಡದಲ್ಲಿ ಚೌಡಿಕೆಯ ಒಂದೇ ತಂತಿ ಮಿಡಿಯುವಾಗ ಜಾತ್ರೆಯ ಗದ್ದಲ ಹಿಂದೆ ಸರಿಯುತ್ತದಲ್ಲ, ಹಾಗೆ ಇಲ್ಲಿ ಇಡೀ ಆರ್ಕೆಸ್ಟ್ರಾ ಹಿಂದೆ ಸರಿದು ನಿಲ್ಲುತ್ತದೆ. ಮೋನೋದ ಕೊರತೆ ಇಲ್ಲಿ ಕೊರತೆಯಲ್ಲ. ಒಂಟಿ ದನಿಗೆ ಅಷ್ಟೇ ಸಾಕು. ತಟ್ಟೆಯ ಒಂದು ಬದಿ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿದ್ದ ಕಾಲದಲ್ಲಿ ಇಷ್ಟು ಸಾವಧಾನ!

ಕಿತ್ತೂರಿನ, ರಾಮದುರ್ಗದ ಗೆಳೆಯರಿಗೆ ನಾನು ಮೊದಲು ಕೇಳಿಸುವುದು ಈ ಭಾಗವನ್ನೇ. ಮಹಾರಾಜರ ಹೆಸರು ಆಮೇಲೆ ಹೇಳುತ್ತೇನೆ.