1500ರೊಳಗಿನ ಮೂವರು

ಪೋಕೆಮಾನ್ ಗೋ ಆಟದ ಗ್ರೇಟ್ ಲೀಗ್‌ನಲ್ಲಿ ಯಾವ ಪೋಕೆಮಾನ್‌ನ ಸಿಪಿಯೂ, ಅಂದರೆ ಕಾದುವ ಬಲದ ಅಂಕವೂ, 1500 ದಾಟುವಂತಿಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆಯ ಆಟಗಾರರಿಗೆ ಈ ಆಟದಿಂದ ಆಗಿರುವ ದೊಡ್ಡ ಉಪಕಾರವೆಂದರೆ ಈ ಮಿತಿಯೇ ಎಂಬುದು ನನ್ನ ಗಟ್ಟಿ ನಂಬಿಕೆ. ಮಾಸ್ಟರ್ ಲೀಗ್‌ನಲ್ಲಿ ಮಿತಿಯಿಲ್ಲ. ದೊಡ್ಡ ಊರಿನಲ್ಲಿ ಗುಂಪು ಕಟ್ಟಿಕೊಂಡು ವಾರವಾರ ರೇಡ್ ಹೊಡೆದು, ಲೆಜೆಂಡರಿಗಳಿಗೆ ಕ್ಯಾಂಡಿ ಸುರಿದು 50ನೇ ಲೆವೆಲ್ಲಿಗೆ ಏರಿಸಿದವರ ಮುಂದೆ ನಮ್ಮ ಕಡೆಯ ಹುಡುಗ ಅಲ್ಲಿ ನಿಲ್ಲುವುದು ಕಷ್ಟ. ಗ್ರೇಟ್ ಲೀಗ್‌ನಲ್ಲಿ ಹಾಗಲ್ಲ. ಹೊಲದ ಬದುವಿನಲ್ಲಿ ಸಿಕ್ಕಿದ್ದನ್ನೇ ಇಟ್ಟುಕೊಂಡು, ಲೆಕ್ಕ ಬಲ್ಲವನು ಯಾವ ಊರಿನವನನ್ನಾದರೂ ಸೋಲಿಸಬಹುದು.

ಈ ಆಟ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರ್‌ನಲ್ಲಿ, ಜಿಯೋ ಜೊತೆಗೂಡಿ. ರಿಲಯನ್ಸ್ ಡಿಜಿಟಲ್ ಅಂಗಡಿಗಳು ಆಗ ಪೋಕೆಸ್ಟಾಪ್ ಮತ್ತು ಜಿಮ್‌ಗಳಾದವು. ಅಂಥ ಅಂಗಡಿಗಳಿರುವ ಊರಿಗೆ ಅದರಿಂದ ಅನುಕೂಲವಾಯಿತು. ನಮ್ಮ ತಾಲ್ಲೂಕುಗಳಲ್ಲಿ ಸ್ಟಾಪ್ ಎಂದರೆ ಗುಡಿ, ದರ್ಗಾ, ಪುತ್ಥಳಿ, ರೈಲ್ವೆ ಸ್ಟೇಷನ್ನು, ಅದೂ ಯಾರಾದರೂ ಆಟಗಾರರು ಆಸ್ಥೆಯಿಂದ ಹೆಸರು ಸೂಚಿಸಿ, ಬೇರೆ ಆಟಗಾರರು ಪರಿಶೀಲಿಸಿ ಒಪ್ಪಿದ್ದರೆ ಮಾತ್ರ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ, ಚಿತ್ತಾಪುರದ ಪಕ್ಕದ ನಾಗಾವಿಯಂಥ ಜಾಗಗಳಿರುವ ಸೀಮೆ ನಮ್ಮದು. ಹೆಸರು ಸೂಚಿಸಲು ಅರ್ಹತೆ ಪಡೆದವರು ಈ ಕೆಲಸವನ್ನು ಮೈಮೇಲೆ ಹಾಕಿಕೊಳ್ಳಬೇಕು. ಅದಾಗುವವರೆಗೆ, ದಿನಕ್ಕೊಮ್ಮೆ ಪುಕ್ಕಟೆ ಸಿಗುವ ಡೈಲಿ ಅಡ್ವೆಂಚರ್ ಇನ್‌ಸೆನ್ಸ್ ನಮ್ಮ ಆಸರೆ. ಹದಿನೈದು ನಿಮಿಷ ನಡೆಯುತ್ತಾ ಇದ್ದರೆ, ಸುತ್ತ ಒಂದೂ ಸ್ಟಾಪ್ ಇಲ್ಲದ ರಸ್ತೆಯಲ್ಲೂ ಪೋಕೆಮಾನ್ ಎದ್ದು ಬರುತ್ತವೆ. ನಡೆಯುವುದು ಊರ ರಸ್ತೆಯಲ್ಲೇ ಇರಲಿ. ಚಂದ್ರಂಪಳ್ಳಿ ಡ್ಯಾಮಿನ ಆಚೆಗಿನ ಕಾಡು 2011ರಿಂದ ವನ್ಯಜೀವಿ ಧಾಮ, ಮೊಬೈಲ್ ನೋಡಿಕೊಂಡು ಒಳಗೆ ಹೋಗುವ ಜಾಗ ಅಲ್ಲ.

ಇನ್ನು ತಂಡದ ಮಾತು. ಹುಡುಗರು ಸಿಕ್ಕಾಗ ಕೇಳುವುದು ಒಂದೇ ಪ್ರಶ್ನೆ: ‘ಎಲ್ಲಾದಕ್ಕಿಂತ ಸ್ಟ್ರಾಂಗ್ ಯಾವ್ದದ ಹೇಳ್ರಿ ಸರ್?’ ಈ ಪ್ರಶ್ನೆಗೆ ಗ್ರೇಟ್ ಲೀಗ್‌ನಲ್ಲಿ ಉತ್ತರವೇ ಇಲ್ಲ. ಕೇಳಬೇಕಾದದ್ದು ‘ಇದಕ್ಕ ಯಾರ್ ಅಂದ್ರ ಅಂಜಿಕಿ, ಆ ಅಂಜಿಕಿ ತಡಿಯವ್ರು ಯಾರು?’ ಎಂದು. ಕಣಕ್ಕಿಳಿಯುವುದು ಮೂರು ಪೋಕೆಮಾನ್. ಏಳೂ ಜನ ರೇಡರ್‌ಗಳೇ ಆದ ಕಬಡ್ಡಿ ತಂಡ ಎಷ್ಟು ಹೊತ್ತು ನಿಂತೀತು? ಮೂರೂ ಬಲಿಷ್ಠವೇ ಆಗಿದ್ದು ಮೂರಕ್ಕೂ ಒಂದೇ ಶತ್ರುವಿದ್ದರೆ ಆ ಶತ್ರು ಬಂದ ದಿನ ಆಟ ಮುಗಿಯಿತು.

ಒಂದು ತಂಡವನ್ನೇ ಕಟ್ಟಿ ನೋಡೋಣ. ನಾನು ಶುರು ಮಾಡುವುದು ಸ್ವಾಂಪರ್ಟ್‌ನಿಂದ. ನೀರು ಮತ್ತು ನೆಲ, ಎರಡು ಗುಣ ಒಂದೇ ಮೈಯಲ್ಲಿ. ಬೆಂಕಿ, ಕಲ್ಲು, ವಿಷ, ಉಕ್ಕು, ವಿದ್ಯುತ್ತು ಯಾವುದೂ ಅದಕ್ಕೆ ಪೂರ್ತಿ ತಾಗುವುದಿಲ್ಲ. ಅಂಜುವುದು ಹುಲ್ಲಿಗೊಂದೇ. ಆದರೆ ಆ ಒಂದು ಅಂಜಿಕೆ ದುಪ್ಪಟ್ಟಿನದು. ಈ ಆಟದಲ್ಲಿ ಗುಣಕ್ಕೆ ಎದುರಾದ ಹೊಡೆತ 1.6 ಪಟ್ಟು ಬೀಳುತ್ತದೆ. ನೀರಿಗೂ ಹುಲ್ಲು ಶತ್ರು, ನೆಲಕ್ಕೂ ಹುಲ್ಲು ಶತ್ರು, ಹಾಗಾಗಿ ಸ್ವಾಂಪರ್ಟ್ ಮೇಲೆ ಹುಲ್ಲಿನ ಹೊಡೆತ 2.56 ಪಟ್ಟು. ಒಂದೇ ಚಾರ್ಜ್ ಮೂವ್‌ಗೆ, ಅಂದರೆ ಎನರ್ಜಿ ತುಂಬಿಸಿಕೊಂಡು ಬಿಡುವ ಒಂದೇ ದೊಡ್ಡ ಹೊಡೆತಕ್ಕೆ, ಆಟದಿಂದ ಹೊರಗೆ.

ಈಗ ಹುಲ್ಲನ್ನು ನುಂಗುವವರು ಬೇಕು. ಸ್ಕಾರ್ಮರಿ ಎಂಬ ಉಕ್ಕಿನ ಹಕ್ಕಿಯನ್ನು ನೋಡಿ. ಉಕ್ಕೂ ಹುಲ್ಲನ್ನು ತಡೆಯುತ್ತದೆ, ರೆಕ್ಕೆಯೂ ತಡೆಯುತ್ತದೆ. ಎರಡೂ ಸೇರಿ ಹುಲ್ಲಿನ ಹೊಡೆತ ಅದರ ಮೇಲೆ 0.39ಕ್ಕೆ ಇಳಿಯುತ್ತದೆ. ಸ್ಕಾರ್ಮರಿಗೆ ಅಂಜಿಕೆ ಇರುವುದು ಎರಡಕ್ಕೆ, ಬೆಂಕಿ ಮತ್ತು ವಿದ್ಯುತ್ತು. ಆ ಎರಡನ್ನೂ ತಡೆಯುವವನು ಯಾರು? ಅದೇ ಸ್ವಾಂಪರ್ಟ್. ಇವನ ಭಯ ಅದಕ್ಕಿಲ್ಲ, ಅದರ ಭಯ ಇವನಿಗಿಲ್ಲ. ಇಷ್ಟು ಚೊಕ್ಕವಾಗಿ ಕೂಡಿಬರುವ ಜೋಡಿ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಮೂರನೆಯದಾಗಿ ವೀನಸಾರ್. ಹುಲ್ಲು ಮತ್ತು ವಿಷ. ಈ ಲೀಗಿನಲ್ಲಿ ಹಳೆಯ ಕಾಲದಿಂದ ಕಾಡುತ್ತಿರುವ ಅಜುಮರಿಲ್‌ಗೆ ಇದು ಮದ್ದು. ಅಜುಮರಿಲ್ ನೀರೂ ಹೌದು, ಫೇರಿಯೂ ಹೌದು, ವೀನಸಾರ್‌ನ ಹುಲ್ಲಿನ ಹೊಡೆತ ಮೊದಲನೆಯದಕ್ಕೆ ತಾಗಿದರೆ ವಿಷದ ಹೊಡೆತ ಎರಡನೆಯದಕ್ಕೆ ತಾಗುತ್ತದೆ. ಜೊತೆಗೆ ಹುಲ್ಲಿನ ವಿರುದ್ಧ ಸ್ಕಾರ್ಮರಿಯ ಬೆನ್ನಿಗೆ ಇನ್ನೊಬ್ಬ ನಿಂತಂತಾಯಿತು.

ತೂತು ಎಲ್ಲಿದೆ ಎಂದು ನೀವು ಈಗಾಗಲೇ ಹುಡುಕಿರಬೇಕು. ಬೆಂಕಿ. ಸ್ಕಾರ್ಮರಿಗೂ ಬೆಂಕಿಯ ಭಯ, ವೀನಸಾರ್‌ಗೂ ಬೆಂಕಿಯ ಭಯ. ಚಾರಿಝಾರ್ಡ್ ಎದುರು ಬಂದರೆ ನಿಲ್ಲಬಲ್ಲವನು ಸ್ವಾಂಪರ್ಟ್ ಒಬ್ಬನೇ. ಸೋಲುವವರು ಇಲ್ಲಿಯೇ ಸೋಲುತ್ತಾರೆ. ಸ್ಕಾರ್ಮರಿಯನ್ನು ಲೀಡ್ ಆಗಿ ಕಳಿಸಿರುತ್ತಾರೆ, ಎದುರು ಚಾರಿಝಾರ್ಡ್ ಕಾಣುತ್ತದೆ, ಗಾಬರಿಯಾಗಿ ತಕ್ಷಣ ಸ್ವಾಂಪರ್ಟ್‌ಗೆ ಸ್ವಿಚ್ ಒತ್ತುತ್ತಾರೆ. ಎದುರಾಳಿ ಅದನ್ನೇ ಕಾಯುತ್ತಿರುತ್ತಾನೆ. ಅವನ ಹುಲ್ಲಿನ ಪೋಕೆಮಾನ್ ಬರುತ್ತದೆ. ಒಮ್ಮೆ ಸ್ವಿಚ್ ಮಾಡಿದರೆ ಒಂದಿಷ್ಟು ಹೊತ್ತು ಮತ್ತೆ ಬದಲಿಸಲು ಬರುವುದಿಲ್ಲವಾದ್ದರಿಂದ ಸ್ವಾಂಪರ್ಟ್ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಬಿದ್ದ ಮೇಲೆ ಚಾರಿಝಾರ್ಡ್ ವಾಪಸ್ ಬಂದು ಉಳಿದೆರಡನ್ನೂ ಸುಡುತ್ತದೆ.

ನನ್ನ ಸಲಹೆ ಬೇರೆ. ಸ್ಕಾರ್ಮರಿ ಅಲ್ಲಿಯೇ ನಿಂತು ಹೋರಾಡಲಿ. ಬೀಳುವುದಾದರೆ ಬೀಳಲಿ, ಆದರೆ ಬೀಳುವ ಮುನ್ನ ತುಂಬಿಕೊಂಡ ಎನರ್ಜಿಯನ್ನೆಲ್ಲ ಚಾರ್ಜ್ ಮೂವ್‌ಗಳಾಗಿ ಎಸೆದು ಎದುರಾಳಿಯ ಶೀಲ್ಡ್ ಕಳೆಯಲಿ. ಇಬ್ಬರಿಗೂ ತಲಾ ಎರಡೇ ಶೀಲ್ಡ್. ಸ್ಕಾರ್ಮರಿ ಬಿದ್ದ ಮೇಲೆ ಸ್ವಾಂಪರ್ಟ್ ಬರುವುದು ಸ್ವಿಚ್ ಖರ್ಚಿಲ್ಲದೆ. ಈಗ ಎದುರಾಳಿ ಚಾರಿಝಾರ್ಡ್ ಉಳಿಸಿಕೊಳ್ಳಲು ಹುಲ್ಲನ್ನು ತಂದನೋ, ನಿಮ್ಮ ಸ್ವಿಚ್ ಇನ್ನೂ ಕೈಯಲ್ಲೇ ಇದೆ. ವೀನಸಾರ್ ಕರೆಯಿರಿ. ಈಗ ಸಿಕ್ಕಿಹಾಕಿಕೊಂಡವನು ಅವನು.

ಇದೇ ಕಾರಣಕ್ಕೆ ತಂಡ ಕಟ್ಟುವಾಗ ಯಾರು ಲೀಡ್, ಯಾರು ಸ್ವಿಚ್, ಯಾರು ಕೊನೆಯವರು ಎಂಬುದು ಆಯ್ಕೆಯಷ್ಟೇ ಮುಖ್ಯ. ಇಂಥ ತಂಡದಲ್ಲಿ ಸ್ವಾಂಪರ್ಟ್ ಕೊನೆಗೆ ಉಳಿಯಬೇಕಾದವನು.

ಇನ್ನು ನನಗೆ ಅತಿ ಇಷ್ಟವಾದ ವಿಷಯ, ಐವಿ. ಹಿಡಿದ ಪ್ರತಿ ಪೋಕೆಮಾನ್‌ಗೂ ಅಟ್ಯಾಕ್, ಡಿಫೆನ್ಸ್, ಎಚ್‌ಪಿ ಎಂಬ ಮೂರು ಅಂಕ, ಪ್ರತಿಯೊಂದೂ 0ಯಿಂದ 15ರವರೆಗೆ. ಮೂರೂ 15 ಇದ್ದರೆ ಆಟ ನಾಲ್ಕು ನಕ್ಷತ್ರ ತೋರಿಸುತ್ತದೆ, ಹುಡುಗರು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕುತ್ತಾರೆ. ಗ್ರೇಟ್ ಲೀಗ್‌ಗೆ ಆ ನಾಲ್ಕು ನಕ್ಷತ್ರ ಸಾಮಾನ್ಯವಾಗಿ ಬೇಡ. ಸಿಪಿಯ ಲೆಕ್ಕದಲ್ಲಿ ಅಟ್ಯಾಕ್ ಅಂಕ ಇದ್ದ ಹಾಗೇ ಗುಣಿಸಿಕೊಳ್ಳುತ್ತದೆ, ಡಿಫೆನ್ಸ್ ಮತ್ತು ಎಚ್‌ಪಿಯದು ವರ್ಗಮೂಲ ಮಾತ್ರ ಸೇರುತ್ತದೆ. ಅಂದರೆ ಅಟ್ಯಾಕ್ ಹೆಚ್ಚಿದ್ದಷ್ಟೂ ಸಿಪಿ ಬೇಗ 1500 ಮುಟ್ಟಿಬಿಡುತ್ತದೆ, ಮುಂದೆ ಬೆಳೆಸಲು ಜಾಗ ಇರುವುದಿಲ್ಲ. ಅಟ್ಯಾಕ್ ಕಡಿಮೆ ಇದ್ದರೆ ಅದೇ ಮಿತಿಯೊಳಗೆ ಇನ್ನಷ್ಟು ಲೆವೆಲ್ ಏರಿಸಬಹುದು.

ಅಜುಮರಿಲ್ ಮೇಲೆ ಲೆಕ್ಕ ಹಾಕಿ. ಮೂರೂ 15 ಇರುವ ಅಜುಮರಿಲ್ 36ನೇ ಲೆವೆಲ್‌ನಲ್ಲಿ 1497ಕ್ಕೆ ನಿಲ್ಲುತ್ತದೆ, ಇನ್ನರ್ಧ ಲೆವೆಲ್ ಏರಿಸಿದರೆ ಮಿತಿ ದಾಟುತ್ತದೆ. ಅದರ ಎಚ್‌ಪಿ 184. ಅಟ್ಯಾಕ್ 8, ಉಳಿದೆರಡು 15 ಇರುವ ಅಜುಮರಿಲ್ 40ನೇ ಲೆವೆಲ್‌ವರೆಗೆ ಏರಿ ಸರಿಯಾಗಿ 1500ಕ್ಕೆ ಬಂದು ನಿಲ್ಲುತ್ತದೆ. ಎಚ್‌ಪಿ 189, ಡಿಫೆನ್ಸೂ ಜಾಸ್ತಿ. ಐದು ಎಚ್‌ಪಿ ಏನು ಮಹಾ ಅನ್ನಬೇಡಿ. ಕೊನೆಯ ಒಂದು ಹೊಡೆತ ತಡೆದುಕೊಂಡು ತಾನೊಂದು ಐಸ್ ಬೀಮ್ ಬಿಡುವುದೋ, ಅದಕ್ಕೂ ಮೊದಲೇ ಬೀಳುವುದೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುವ ಪಂದ್ಯಗಳು ಬೇಕಾದಷ್ಟಿವೆ.

ಅಟ್ಯಾಕ್ 0, ಉಳಿದೆರಡು 15 ಇರುವುದಕ್ಕೆ ಆಟ ಕೊಡುವುದು ಎರಡೇ ನಕ್ಷತ್ರ. ಎರಡು ನಕ್ಷತ್ರ ಕಂಡ ಕೂಡಲೇ ಟ್ರಾನ್ಸ್‌ಫರ್ ಒತ್ತುವ ಅಭ್ಯಾಸ ಎಷ್ಟು ಒಳ್ಳೆಯ ಪೋಕೆಮಾನ್‌ಗಳನ್ನು ಕಳೆದಿದೆಯೋ! ದಯವಿಟ್ಟು ಒಳಗಿನ ಮೂರು ಪಟ್ಟಿಗಳನ್ನು ನೋಡಿ ಆಮೇಲೆ ಕಳಿಸಿ.

ಈ ವಿಷಯದಲ್ಲಿ ನಮ್ಮ ಹವೆಯೂ ಮಾತಾಡುತ್ತದೆ. ಮಳೆ ಬಂದಾಗ ನೀರಿನವು, ಬಿಸಿಲಿಗೆ ಹುಲ್ಲು, ನೆಲ ಮತ್ತು ಬೆಂಕಿಯವು ಬೂಸ್ಟ್ ಪಡೆಯುತ್ತವೆ. ಬೂಸ್ಟ್ ಆದದ್ದರ ಯಾವ ಐವಿಯೂ 4ಕ್ಕಿಂತ ಕೆಳಗಿಳಿಯುವುದಿಲ್ಲ. ರೇಡಿನಲ್ಲಿ, ಮೊಟ್ಟೆಯಲ್ಲಿ ಬಂದದ್ದಾದರೆ 10ಕ್ಕಿಂತ ಕೆಳಗಿಲ್ಲ. ಹಾಗಾದರೆ ಸ್ವಾಂಪರ್ಟ್‌ನ ಮೊದಲ ರೂಪವಾದ ಮಡ್‌ಕಿಪ್ ಅಟ್ಯಾಕ್ 0 ಇರುವುದೇ ಬೇಕಾದವನು ಅದನ್ನು ಹಿಡಿಯಬೇಕಾದದ್ದು ಮಳೆಯಿಲ್ಲದ ದಿನ. ವರ್ಷದಲ್ಲಿ ಬಹುಪಾಲು ದಿನ ಬಿಸಿಲೇ ಇರುವ ಚಿಂಚೋಳಿಯಲ್ಲಿ ಅಂಥ ದಿನಕ್ಕೆ ಬರವಿಲ್ಲ. ವೀನಸಾರ್‌ನ ಮೊದಲ ರೂಪವಾದ ಬಲ್ಬಸಾರ್‌ಗೆ ಇದರ ತದ್ವಿರುದ್ಧ, ಅದಕ್ಕೆ ಮಳೆಗಾಗಿ ಕಾಯುವುದು ಒಳ್ಳೆಯದು, ಮೋಡ ಕವಿದರಷ್ಟೇ ಸಾಲದು, ಏಕೆಂದರೆ ಬರೀ ಮೋಡವಿದ್ದರೆ ಅದರೊಳಗಿನ ವಿಷದ ಗುಣಕ್ಕೆ ಬೂಸ್ಟ್ ಸಿಗುತ್ತದೆ. ಆಟ ತನ್ನ ಹವಾಮಾನದಲ್ಲಿ ಮಳೆ ಎಂದು ತೋರಿಸಿದ್ದರೆ ಸಾಕು.

ಇನ್ನೊಂದು ದಾರಿ ಟ್ರೇಡ್. ಕೈ ಬದಲಾದಾಗ ಐವಿ ಹೊಸದಾಗಿ ಬೀಳುತ್ತದೆ. ಗೆಳೆತನದ ಮೆಟ್ಟಿಲು ಏರಿದಷ್ಟೂ ಕನಿಷ್ಠ ಅಂಕವೂ ಏರುತ್ತದೆ. ಗುಡ್ ಫ್ರೆಂಡ್ ಜೊತೆ 1, ಬೆಸ್ಟ್ ಫ್ರೆಂಡ್ ಜೊತೆ 5. ಕಡಿಮೆ ಅಟ್ಯಾಕ್ ಬೇಕಾದವರಿಗೆ ಹೊಸ ಪರಿಚಯದವರೇ ಲೇಸು. ಸಾಮಾನ್ಯವಾಗಿ ಇಬ್ಬರೂ ನೂರು ಮೀಟರ್ ಒಳಗಿರಬೇಕಾದ್ದರಿಂದ ಎಲ್ಲಾದರೂ ಕೂಡಬೇಕು. ಮುಂಬೈ, ಸಿಕಂದರಾಬಾದ್, ಗುಂತಕಲ್ ಕಡೆಯ ಹಳಿಗಳೆಲ್ಲ ಸೇರುವ ವಾಡಿ ಜಂಕ್ಷನ್‌ಗಿಂತ ಒಳ್ಳೆಯ ಜಾಗ ನಮ್ಮ ಕಡೆಯ ಆಟಗಾರರಿಗೆ ಎಲ್ಲಿದೆ? ಶಹಾಬಾದದವರಿಗೆ ಒಂದು ಹೆಜ್ಜೆ, ಚಿತ್ತಾಪುರ, ಸೇಡಂನವರಿಗೆ ಅದೇ ಲೈನು. ಚಿಂಚೋಳಿಯವರಿಗೆ ಮಾತ್ರ ಮೊದಲು ಬಸ್ಸು.

ಖರ್ಚಿನ ಮಾತೂ ಇದೆ. ಅಜುಮರಿಲ್ 40ನೇ ಲೆವೆಲ್ ಮುಟ್ಟಬೇಕಾದರೆ ಸ್ಟಾರ್‌ಡಸ್ಟ್, ಕ್ಯಾಂಡಿ ರಾಶಿ ಬೇಕು. ಸ್ವಾಂಪರ್ಟ್ 19ನೇ ಲೆವೆಲ್‌ನ ಆಸುಪಾಸಿನಲ್ಲೇ 1500 ಮುಟ್ಟುತ್ತದೆ. ಎರಡನೇ ಚಾರ್ಜ್ ಮೂವ್ ತೆರೆಯಲೂ ಮಡ್‌ಕಿಪ್, ಬಲ್ಬಸಾರ್ ಕುಲದವಕ್ಕೆ 10,000 ಸ್ಟಾರ್‌ಡಸ್ಟ್, 25 ಕ್ಯಾಂಡಿ ಸಾಕು. ಸ್ಟಾಪ್ ಕಡಿಮೆಯಿರುವ ಊರಿನವರಿಗೆ ನಾನು ಈ ಇಬ್ಬರನ್ನು ಹೇಳುವುದು ಅದಕ್ಕೇ. ಸ್ವಾಂಪರ್ಟ್‌ಗೆ ಹೈಡ್ರೋ ಕ್ಯಾನನ್, ವೀನಸಾರ್‌ಗೆ ಫ್ರೆಂಜಿ ಪ್ಲಾಂಟ್ ಇರಲೇಬೇಕು. ಅವು ಕಮ್ಯುನಿಟಿ ಡೇ ದಿನ ವಿಕಾಸ ಮಾಡಿಸಿದವಕ್ಕೆ ಸಿಗುವ ಮೂವ್‌ಗಳು. ವೀನಸಾರ್‌ನದು 2018ರ ಮಾರ್ಚ್‌ನಲ್ಲಿ, ಸ್ವಾಂಪರ್ಟ್‌ನದು 2019ರ ಜುಲೈನಲ್ಲಿ ಮೊದಲು ಬಂತು. ತಪ್ಪಿಸಿಕೊಂಡವರು ಎಲೈಟ್ ಚಾರ್ಜ್ಡ್ ಟಿಎಮ್ ಖರ್ಚು ಮಾಡಬೇಕು, ಇಲ್ಲವೇ ಅಂಥದೊಂದು ದಿನ ಮತ್ತೆ ಬರುವವರೆಗೆ ಸ್ವಾಂಪರ್ಟ್ ಆಗುವ ಮುಂಚಿನ ಮಾರ್ಷ್‌ಟಾಂಪ್ ಅನ್ನು ಹಾಗೇ ಇಟ್ಟುಕೊಂಡು ಕಾಯಬೇಕು.

ದುರ್ಬಲ ಎನಿಸಿಕೊಂಡದ್ದು ಗೆಲ್ಲಿಸುತ್ತದೆಯೇ ಎಂದು ಅನುಮಾನವಿದ್ದರೆ 2014ರ ಆಗಸ್ಟಿಗೆ ಹೋಗಿ. ವಾಷಿಂಗ್ಟನ್‌ನಲ್ಲಿ ಪೋಕೆಮಾನ್ ವಿಶ್ವ ಚಾಂಪಿಯನ್‌ಶಿಪ್. ಅದು ಮೊಬೈಲಿನದಲ್ಲ, ಮೂಲ ವಿಡಿಯೋ ಗೇಮಿನದು, ಎರಡೆರಡು ಪೋಕೆಮಾನ್ ಒಟ್ಟಿಗೆ ಕಾದುವ ಪಂದ್ಯ. ಕೊರಿಯಾದ ಸೆಜುನ್ ಪಾರ್ಕ್ ತನ್ನ ಆರರಲ್ಲಿ ಪಾಚಿರಿಸು ಎಂಬ ಅಳಿಲನ್ನು ತಂದಿದ್ದ. ಅದರ ಅಂಕಗಳ ಒಟ್ಟು ಮೊತ್ತ 405, ಆ ಮಟ್ಟದ ಪಂದ್ಯಕ್ಕೆ ಯಾರೂ ತರದ ಜೀವ. ಆದರೆ ಅವನ ಗ್ಯಾರಡೋಸ್‌ಗೆ ವಿದ್ಯುತ್ತೆಂದರೆ ನಾಲ್ಕು ಪಟ್ಟು ಪೆಟ್ಟು. ಪಾಚಿರಿಸು ಫಾಲೋ ಮಿ ಎಂಬ ಮೂವ್‌ನಿಂದ ಎದುರಾಳಿಯ ಹೊಡೆತಗಳನ್ನು ತನ್ನತ್ತ ಎಳೆದುಕೊಂಡಿತು. ವೋಲ್ಟ್ ಅಬ್ಸಾರ್ಬ್ ಗುಣವಿದ್ದದ್ದರಿಂದ ವಿದ್ಯುತ್ತು ಬಿದ್ದರೆ ಅದರ ಜೀವ ಇಳಿಯುವ ಬದಲು ಏರುತ್ತಿತ್ತು. ಪಕ್ಕದವನ ಒಂದು ಭಯಕ್ಕೆ ಉತ್ತರವಾಗಿ ಅಳಿಲು ತಂಡದೊಳಗೆ ಬಂತು, ಪಾರ್ಕ್ ವಿಶ್ವ ಚಾಂಪಿಯನ್ ಆದ. ಪೋಕೆಮಾನ್ ಗೋ ಅದೇ ಚಾಂಪಿಯನ್‌ಶಿಪ್‌ಗೆ ಸೇರಿದ್ದು 2022ರಲ್ಲಿ, ಲಂಡನ್‌ನಲ್ಲಿ. ಅಲ್ಲೂ ಆಡುವುದು ಇದೇ 1500ರ ಲೀಗು. ಆರನ್ನು ಪರಸ್ಪರ ತೋರಿಸಿ, ಮೂರನ್ನು ಆರಿಸಿ ಆಡಬೇಕು.

ಇನ್ನು ನಮ್ಮ ಕಡೆಯ ನೆಟ್‌ವರ್ಕ್. ಈ ಆಟದ ಒಂದು ಟರ್ನ್ ಅರ್ಧ ಸೆಕೆಂಡ್. ರೇಂಜ್ ಒಮ್ಮೆ ಎರಡು ಕಡ್ಡಿ, ಒಮ್ಮೆ ಒಂದು ಕಡ್ಡಿ ಆಗುವ ಕಡೆ ಡ್ರ್ಯಾಗನ್ ಬ್ರೆತ್‌ನಂಥ ಒಂದು ಟರ್ನಿನ ಫಾಸ್ಟ್ ಮೂವ್ ನಡುನಡುವೆ ನುಂಗಿಹೋಗುತ್ತದೆ. ಅಜುಮರಿಲ್‌ನ ಬಬಲ್ ಮೂರು ಟರ್ನಿನದು, ನಿಧಾನ, ಆದರೆ ಎಣಿಸಲು ಸುಲಭ. ಐದು ಬಬಲ್ ಆದರೆ ಒಂದು ಐಸ್ ಬೀಮ್. ಸೀಸನ್ ಬದಲಾದಾಗ ಇಂಥ ಅಂಕಗಳು ಬದಲಾಗುತ್ತವೆ, ಪ್ರತಿ ಸಲ ಹೊಸದಾಗಿ ನೋಡಿಕೊಳ್ಳಬೇಕು. ಎಣಿಸುವುದನ್ನು ಮಾತ್ರ ಬಿಡಬೇಡಿ. ಎದುರಾಳಿಯ ಫಾಸ್ಟ್ ಮೂವ್ ಎಣಿಸುವವನಿಗೆ ಯಾವ ಹೊಡೆತಕ್ಕೆ ಶೀಲ್ಡ್ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ಪರದೆಯ ಮೇಲೆ ಬರುವ ಮೊದಲೇ ಗೊತ್ತಿರುತ್ತದೆ.

ಕೊನೆಗೆ, ಮೇಲೆ ಕಟ್ಟಿದ ತಂಡಕ್ಕೆ ಸ್ಕಾರ್ಮರಿ ಸಿಕ್ಕೇ ಇಲ್ಲ ಎನ್ನುವವರು ಹೂಟ್‌ಹೂಟ್ ಹಿಡಿದು ನಾಕ್ಟೌಲ್ ಮಾಡಿಕೊಳ್ಳಿ. ಉಕ್ಕಿಲ್ಲದಿದ್ದರೂ ರೆಕ್ಕೆಯಿದೆ, ಹುಲ್ಲನ್ನು ತಡೆಯುತ್ತದೆ. ಬೆಂಕಿಯ ವಿಶೇಷ ಭಯವೂ ಅದಕ್ಕಿಲ್ಲ, ಹಾಗಾಗಿ ಸ್ವಾಂಪರ್ಟ್ ಮೇಲಿನ ಭಾರ ಕೊಂಚ ಇಳಿಯುತ್ತದೆ. ಆದರೆ ವಿದ್ಯುತ್ತಿನ ಜೊತೆಗೆ ಕಲ್ಲು ಮತ್ತು ಹಿಮದ ಭಯ ಹೊಸದಾಗಿ ಸೇರುತ್ತದೆ. ಹಿಮಕ್ಕೆ ವೀನಸಾರ್ ಕೂಡ ಅಂಜುವುದರಿಂದ, ನಾಕ್ಟೌಲ್ ಬಂದ ತಂಡದಲ್ಲಿ ವೀನಸಾರ್ ಜಾಗಕ್ಕೆ ಅಜುಮರಿಲ್ ತರುವುದು ಉತ್ತಮ. ಹಿಮದ ಹೊಡೆತವನ್ನು ನೀರಿನ ಗುಣ ತಡೆಯುತ್ತದೆ.