ದಂಡು, ಗಾಯ, ಗೆಳತಿ: ಗಡಿನಾಡಿನ ಜನಪದ ಕಥನಗಳ ಒಂದು ಮರುಓದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಒಳಗೊಂಡ ಕೃಷ್ಣಾ–ದೂಧಗಂಗಾ ಬಯಲು ಕನ್ನಡ ಮತ್ತು ಮರಾಠಿಗಳು ಕೂಡಿ ಬಾಳುವ ಗಡಿನಾಡು. ಈ ಸೀಮೆಯ ಜನಪದರ ಬಾಯಲ್ಲಿ ‘ದಂಡು’ ಎಂಬ ಮಾತಿಗೆ ವಿಶೇಷವಾದ ಭಾವಮೌಲ್ಯವಿದೆ. ದಂಡಿಗೆ ಹೋದ ಮಗ, ದಂಡಿನಲ್ಲಿರುವ ಗಂಡ, ಅವರ ದಾರಿ ಕಾಯುವ ತಾಯಿ ಮತ್ತು ಹೆಂಡತಿ ಇಲ್ಲಿನ ಹಾಡುಗಳ ಚಿರಪರಿಚಿತ ಪಾತ್ರಗಳು. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿಯೇ ಇರುವುದರಿಂದ ಸೈನ್ಯದ ನೌಕರಿ ಇಲ್ಲಿನ ಎಷ್ಟೋ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿದೆ. 2019ರಲ್ಲಿ ಮಹಿಳಾ ಮಿಲಿಟರಿ ಪೊಲೀಸ್ ನೇಮಕಾತಿ ಮೇಳ ಬೆಳಗಾವಿಯಲ್ಲಿ ನಡೆಯಿತು. 2021ರ ಮೇ 8ರಂದು ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ 83 ಮಹಿಳೆಯರ ಮೊದಲ ತಂಡ ಸೇನೆಯನ್ನು ಸೇರಿತು. ಈಗ ದಂಡಿಗೆ ಹೋಗುವವರಲ್ಲಿ ಮಗಳೂ ಇದ್ದಾಳೆ.

ಶತ್ರುವಿನ ಗುಂಡಿನಿಂದಾದ ಗಾಯವನ್ನು ಹೊತ್ತು ಬಂದವನಿಗೆ ಊರು ಮೆರವಣಿಗೆ ಮಾಡುತ್ತದೆ. ತನ್ನದೇ ಪಾಳೆಯದಲ್ಲಿ, ತನ್ನದೇ ಸಹೋದ್ಯೋಗಿ ಅಥವಾ ಮೇಲಧಿಕಾರಿಯಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಬಂದ ವ್ಯಕ್ತಿಗೆ ಊರು ಏನು ಮಾಡುತ್ತದೆ? ಅಂಥ ಗಾಯವನ್ನು ಯಾರ ಮುಂದೆ ಹೇಳಿಕೊಳ್ಳಬೇಕು, ಅದು ಮಾಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ನಮ್ಮ ಮೌಖಿಕ ಪರಂಪರೆಯಲ್ಲಿ ಉತ್ತರವಿದೆಯೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸೀಮೆಯಲ್ಲಿ ಪ್ರಚಲಿತವಾಗಿರುವ ಎರಡು ಕಥನಗಳನ್ನು ಮರಳಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಇವೆರಡೂ ಲೈಂಗಿಕ ದೌರ್ಜನ್ಯದ ನೇರ ಕಥನಗಳಲ್ಲವೆಂಬುದನ್ನು ಮೊದಲೇ ಹೇಳಬೇಕು. ನೊಂದವಳ ಮಾತನ್ನು ಸಮುದಾಯ ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದನ್ನು ತೋರಿಸುವ ಕಾರಣಕ್ಕಾಗಿಯೇ ಅವುಗಳನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ಮೊದಲು ನಮ್ಮ ಅಧ್ಯಯನ ಶಿಸ್ತಿನ ಬಗೆಗೇ ಒಂದು ಮಾತು. 1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಉತ್ತರ ಕರ್ನಾಟಕದ ಬೀಸುಕಲ್ಲಿನ ಪದಗಳಿಗೆ ಸಾಹಿತ್ಯದ ಮನ್ನಣೆ ತಂದುಕೊಟ್ಟ ಸಂಕಲನ. ಅಕ್ಷರಸ್ಥ ಲೋಕ ಹಳ್ಳಿಯ ಹೆಣ್ಣುಮಕ್ಕಳ ಹಾಡನ್ನು ಕಡೆಗಣಿಸಿದ್ದ ಕಾಲದಲ್ಲಿ ಆ ಗೆಳೆಯರು ಮಾಡಿದ ಕೆಲಸದ ಋಣ ದೊಡ್ಡದು. ಆದರೆ ಶೀರ್ಷಿಕೆಯಲ್ಲಿನ ‘ಗರತಿ’ ಎಂಬ ಗೌರವದ ಪದವು ಮುಂದಿನ ಸಂಗ್ರಾಹಕರ ಪಾಲಿಗೆ ಒಂದು ಅಳತೆಗೋಲಾಗಿಯೂ ಪರಿಣಮಿಸಿತು. ಶೀಲವಂತೆಯಾದ ಗೃಹಿಣಿಯ ತವರಿನ ಹಂಬಲ, ಬಾಣಂತನ, ತೊಟ್ಟಿಲು, ದೈವಭಕ್ತಿಗಳು ಸಂಗ್ರಹಕ್ಕೆ ಯೋಗ್ಯ ವಸ್ತುಗಳಾದವು. ಶೀಲದ ಮೇಲೆ ಬಲಾತ್ಕಾರ ನಡೆದವಳು ಈ ವರ್ಗೀಕರಣದ ಯಾವ ಅಧ್ಯಾಯಕ್ಕೆ ಸೇರಬೇಕು? ಸಂಗ್ರಾಹಕರಲ್ಲಿ ಹೆಚ್ಚಿನವರು ಗಂಡಸರಾಗಿದ್ದರು, ಹೊರಗಿನಿಂದ ಬಂದವರಾಗಿದ್ದರು. ಅಂಥವರ ಮುಂದೆ ಹೆಣ್ಣುಮಗಳೊಬ್ಬಳು ಏನನ್ನು ಹಾಡಿರಬಹುದು, ಏನನ್ನು ನುಂಗಿಕೊಂಡಿರಬಹುದು ಎಂಬುದನ್ನು ನಮ್ಮ ಸಂಪಾದಕರು ವಿಚಾರಿಸಿದ್ದು ವಿರಳ. ಆದ್ದರಿಂದ ಸಂಕಲನಗಳಲ್ಲಿ ಕಾಣುವ ಮೌನವನ್ನು ಸಮುದಾಯದ ಮೌನವೆಂದು ತೀರ್ಮಾನಿಸುವಂತಿಲ್ಲ.

ಈ ಹಿನ್ನೆಲೆಯಲ್ಲಿ ‘ಕೆರೆಗೆ ಹಾರ’ ಕಥನಗೀತೆಯನ್ನು ಗಮನಿಸಬಹುದು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ವಿಮರ್ಶಕರು ಈ ಗೀತೆಯನ್ನು ತ್ಯಾಗದ ಕಥೆಯಾಗಿಯೂ, ಕೌಟುಂಬಿಕ ಹಿಂಸೆಯ ಕಥೆಯಾಗಿಯೂ ಓದಿದ್ದಾರೆ. ಆದರೆ ಅದರಲ್ಲಿ ‘ಹೇಳಿಕೊಳ್ಳುವ’ ಕ್ರಿಯೆಯ ವಿನ್ಯಾಸಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ತನಗೆ ಒದಗಿದ ಗತಿಯನ್ನು ಅರಿತ ಭಾಗೀರಥಿ ತವರಿಗೆ ಹೋಗುತ್ತಾಳೆ. ಕಣ್ಣೀರಿನ ಕಾರಣ ಕೇಳಿದ ಹೆತ್ತವರಿಗೆ, ಅತ್ತೆ ಮಾವ ತನ್ನನ್ನು ಬೇರೆ ಇಡುತ್ತಾರಂತೆ ಎಂಬ ಬೇರೊಂದು ಕಾರಣ ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಗೆ ಮಾತ್ರ. ಗೆಳತಿ ಅದನ್ನು ನಂಬುತ್ತಾಳೆ. ಆದರೆ ಕೊಟ್ಟರೆ ಕೊಡಲಿ, ಇಟ್ಟಂತೆ ಇರಬೇಕು ಎಂಬರ್ಥದ ಬುದ್ಧಿಮಾತು ಹೇಳಿ ಕಳಿಸುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆಯೇರಿ ಬರುತ್ತಾನೆ. ಮನೆಯವರು ಅವನಿಗೆ ಸುಳ್ಳು ಹೇಳುತ್ತಾರೆ. ಕೊನೆಗೆ ಅವನಿಗೆ ಸತ್ಯ ತಿಳಿಸುವವಳು ಅದೇ ಗೆಳತಿ.

ಇಲ್ಲಿ ಗೆಳತಿಯ ಪಾತ್ರ ಎರಡು ಬಗೆಯದು. ಇಡೀ ಕಥನದಲ್ಲಿ ಕೇಳುವ ಕಿವಿ ಅವಳೊಬ್ಬಳದೇ; ಸಾಕ್ಷಿ ನುಡಿಯುವ ಬಾಯಿಯೂ ಅವಳದೇ. ಆದರೆ ಕೇಳಿದಾಗ ಆಕೆ ಕೊಟ್ಟದ್ದು ಸಹನೆಯ ಉಪದೇಶ, ಸಾಕ್ಷಿ ನುಡಿದದ್ದು ಕಾಲ ಮೀರಿದ ಮೇಲೆ. ಈ ಎರಡು ಗಳಿಗೆಗಳ ನಡುವಿನ ಅಂತರದಲ್ಲಿಯೇ ಭಾಗೀರಥಿಯ ಸಾವಿದೆ. ನೊಂದವರು ಮೊದಲು ಬಾಯಿಬಿಡುವುದು ಬಹುಮಟ್ಟಿಗೆ ಇಂಥದೇ ಆಪ್ತರ ಮುಂದೆ. ಆಗ ದೊರೆಯುವ ಪ್ರತಿಕ್ರಿಯೆ ಚೇತರಿಕೆಯ ದಾರಿಯನ್ನು ತೆರೆಯಬಲ್ಲದು, ಮುಚ್ಚಲೂಬಲ್ಲದು. ಈ ತಿಳಿವಳಿಕೆ ಹಾಡಿನ ರಚನೆಯಲ್ಲಿಯೇ ಅಡಗಿದೆ.

ಎರಡನೆಯದು ಎಲ್ಲಮ್ಮನ ಕಥನ. ಸವದತ್ತಿಯ ಗುಡ್ಡದಲ್ಲಿಯೂ ಅಥಣಿ ತಾಲ್ಲೂಕಿನ ಕೊಕಟನೂರಿನ ಜಾತ್ರೆಯಲ್ಲಿಯೂ ಜೋಗತಿಯರು ಚೌಡಿಕೆ ಹಿಡಿದು ಹಾಡುವ ಈ ಕಥನದ ಹಲವು ಪಾಠಗಳಲ್ಲಿ, ಗಂಡನ ಶಾಪದಿಂದ ಕುಷ್ಠ ಹತ್ತಿದ ರೇಣುಕೆ ಮನೆಯಿಂದ ಹೊರದೂಡಲ್ಪಡುತ್ತಾಳೆ. ಅವಳಿಗೆ ಆಸರೆ ಕೊಟ್ಟವರು ಎಕ್ಕಯ್ಯ, ಜೋಗಯ್ಯರೆಂಬ ಹೊರಗಿನವರು. ಜೋಗುಳಬಾವಿಯ ನೀರಿನಲ್ಲಿ ಮಿಂದು ಅವಳ ಮೈ ಮಾಯುತ್ತದೆ. ತಪ್ಪು ಯಾರದು ಎಂಬ ವಿಚಾರಣೆಯನ್ನು ಅವರು ಆರೈಕೆಗೆ ಮೊದಲಿನ ಷರತ್ತಾಗಿ ಇಡುವುದಿಲ್ಲ. ಆದರೆ ಗುಣವಾಗಿ ಮನೆಗೆ ಮರಳಿದವಳನ್ನು ಜಮದಗ್ನಿ ನಂಬುವುದಿಲ್ಲ. ಮಗನ ಕೊಡಲಿ ಅವಳ ಮೇಲೆ ಬೀಳುತ್ತದೆ. ಬಾವಿಯ ಬಳಿ ಮಾಯ್ದ ಗಾಯ ಹೊಸ್ತಿಲಲ್ಲಿ ಮತ್ತೆ ತೆರೆದುಕೊಂಡಿತು. ಗಾಯಗೊಂಡವರು ಮರಳುವ ಮನೆ ಬದಲಾಗದಿದ್ದರೆ ಹೊರಗಿನ ಚಿಕಿತ್ಸೆಯೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಜನಪದ ನಿದರ್ಶನ ದುರ್ಲಭ.

ಸಮುದಾಯ ಮಾತ್ರ ಈ ಕಥನದಿಂದ ಬೇರೊಂದು ಪಾಠವನ್ನು ಕಲಿಯಿತು. ನೊಂದವಳು ದೇವಿಯಾದಳು, ಅವಳ ಹೆಸರಿನಲ್ಲಿಯೇ ಬಡ ದಲಿತ ಮನೆಗಳ ಬಾಲೆಯರಿಗೆ ಮುತ್ತು ಕಟ್ಟುವ ಪದ್ಧತಿ ಬೆಳೆಯಿತು. ಪೂಜೆ ಮತ್ತು ಶೋಷಣೆಗಳು ಒಂದೇ ದಾರದಲ್ಲಿ ಪೋಣಿಸಲ್ಪಟ್ಟವು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ 1934ರ ದೇವದಾಸಿ ಸಂರಕ್ಷಣಾ ಕಾಯ್ದೆಯೂ, ಮುಂದೆ 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯೂ ಬಂದವು. ಕಾಯ್ದೆಗಳಷ್ಟೇ ಮುಖ್ಯವಾದುದು ಆ ಹೆಣ್ಣುಮಕ್ಕಳೇ ಕಟ್ಟಿಕೊಂಡ ಒಡನಾಟ. ಘಟಪ್ರಭೆಯಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ಬೆಳೆದು 1997ರಲ್ಲಿ ರೂಪುಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ಮಾಜಿ ದೇವದಾಸಿಯರೇ ಕಾರ್ಯಕರ್ತೆಯರಾದರು. ಭಾಗೀರಥಿಯ ಗೆಳತಿ ಒಬ್ಬಂಟಿಯಾಗಿದ್ದಳು. ಸಂಘದಲ್ಲಿ ಗೆಳತಿಯರು ಹಲವರು. ಸಹಿಸಿಕೊಂಡಿರು ಎಂಬ ಬುದ್ಧಿಮಾತಿನ ಜಾಗದಲ್ಲಿ ಇಲ್ಲಿ ಉಳಿತಾಯ, ಕಾನೂನಿನ ಅರಿವು, ಮಕ್ಕಳ ಶಾಲೆಗಳು ಬಂದವು.

ಇನ್ನು ಆಧುನಿಕ ಸೈನ್ಯದ ಕಡೆಗೆ ನೋಡಬಹುದು. ಸೈನ್ಯವೂ ಒಂದು ಅರ್ಥದಲ್ಲಿ ಕೂಡುಕುಟುಂಬವೇ: ಅನ್ನ, ವಸತಿ, ಮಾನ, ಬಡ್ತಿ ಎಲ್ಲವೂ ಒಂದೇ ಯಜಮಾನಿಕೆಯ ಕೈಯಲ್ಲಿರುತ್ತವೆ. ಗಾಯ ಮಾಡಿದವನೂ ಗಾಯಗೊಂಡವರೂ ಅದೇ ಸೂರಿನ ಕೆಳಗಿರುತ್ತಾರೆ. ಈ ಸಂಕಟವನ್ನು ಪ್ರತ್ಯೇಕವಾಗಿ ಗುರುತಿಸಿದ ಅಮೆರಿಕೆಯಲ್ಲಿ 1992ರ ಕಾಯ್ದೆ ಮಾಜಿ ಮಹಿಳಾ ಸೈನಿಕರಿಗೆ ಆಪ್ತಸಮಾಲೋಚನೆಯ ಅವಕಾಶ ಕಲ್ಪಿಸಿತು. 1994ರಲ್ಲಿ ಅದು ಪುರುಷರಿಗೂ ವಿಸ್ತರಿಸಿತು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕೇಳಲಾಗುವ ಪ್ರಶ್ನೆಗೆ ಸುಮಾರು 3 ಮಹಿಳೆಯರಲ್ಲಿ ಒಬ್ಬರು, 50 ಪುರುಷರಲ್ಲಿ ಒಬ್ಬರು ಹೌದೆಂದು ಉತ್ತರಿಸುತ್ತಾರೆ. ಚಿಕಿತ್ಸೆ ಪಡೆಯಲು ಹಿಂದೆ ದೂರು ಕೊಟ್ಟಿರಬೇಕೆಂಬ ಅಥವಾ ದಾಖಲೆ ತೋರಿಸಬೇಕೆಂಬ ನಿಯಮ ಅಲ್ಲಿಲ್ಲ. ಇದು ಜೋಗುಳಬಾವಿಯ ನೀತಿಗೆ ಸಮೀಪವಾದುದು. 2021ರ ಶಾಸನ, ಇಂಥ ಅಪರಾಧಗಳ ಮೊಕದ್ದಮೆಯ ನಿರ್ಧಾರವನ್ನು ದಳದ ಅಧಿಕಾರಿಯಿಂದ ತೆಗೆದು ಸ್ವತಂತ್ರ ಅಭಿಯೋಜಕರಿಗೆ ಒಪ್ಪಿಸಿತು. ಅಂದರೆ ಬಾವಿಯ ಜತೆಗೆ ಹೊಸ್ತಿಲನ್ನೂ ಬದಲಿಸುವ ಪ್ರಯತ್ನ ಅದು.

ನಮ್ಮಲ್ಲಿ 1997ರ ವಿಶಾಖಾ ತೀರ್ಪಿನ ಬೆನ್ನಿಗೆ 2013ರಲ್ಲಿ ಬಂದ ಕಾಯ್ದೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿಚಾರಣೆಗೆ ಆಂತರಿಕ ಸಮಿತಿಯನ್ನು ವಿಧಿಸಿತು. ಅಧ್ಯಕ್ಷತೆ ಮಹಿಳೆಯದಾಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು, ಗುರುತು ಗೋಪ್ಯವಾಗಿರಬೇಕು ಎಂಬ ವಿಧಿಗಳು ಮಹತ್ವದವು. ಆದರೆ ದೂರಿಗೆ ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಎಂಬ ಗಡುವು ಈ ಬಗೆಯ ಗಾಯದ ನಿಧಾನಗತಿಗೆ ಹೊಂದುವುದಿಲ್ಲ. ಆ ಕಾಯ್ದೆ ಮಹಿಳೆಯರಿಗೆ ಮಾತ್ರ ಅನ್ವಯಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 377ನೆಯ ಕಲಮಿಗೆ ಸಮಾನವಾದುದಿಲ್ಲ. ಹೀಗಾಗಿ ನೊಂದ ಪುರುಷ ಸೈನಿಕ, ಅಸಭ್ಯ ಹಾಗೂ ಕ್ರೂರ ನಡತೆಯನ್ನು ದಂಡಿಸುವ 1950ರ ಸೇನಾ ಕಾಯ್ದೆಯ 46ನೆಯ ಕಲಮಿನಂಥ ಆಂತರಿಕ ನಿಯಮಗಳನ್ನೇ ಹೆಚ್ಚಾಗಿ ನೆಚ್ಚಬೇಕಾಗಿದೆ. ವೀರನ ಲಾವಣಿ ಹಾಡುವ ಊರಿನಲ್ಲಿ ಅವನ ಈ ಗಾಯಕ್ಕೆ ಪದವೇ ಇಲ್ಲ. 2022ರಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿಯು (14416) 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಸೈನಿಕರಿಗೂ ಅವರ ಕುಟುಂಬದವರಿಗೂ ಪ್ರತ್ಯೇಕ ಘಟಕವನ್ನು ತೆರೆದದ್ದು ಈ ದೃಷ್ಟಿಯಿಂದ ಗಮನಾರ್ಹ. ಹೆಸರು ಕೇಳುವ ಮೊದಲು ಮಾತನ್ನು ಕೇಳುವ ಕಿವಿ ಇಂಥ ಕಡೆ ಇರಬೇಕಾಗುತ್ತದೆ.

ಜಾನಪದ ವಿದ್ವಾಂಸರ ಹೊಣೆಯೂ ಇಲ್ಲಿದೆ. ನೋವಿನ ಹಾಡು ಸಿಕ್ಕಿತೆಂಬ ಉತ್ಸಾಹದಲ್ಲಿ ಧ್ವನಿಮುದ್ರಿಸಿಕೊಂಡು ಬರುವುದು ಸಂಗ್ರಹವಾದೀತು, ಆಲಿಸುವಿಕೆಯಾಗದು. ವಕ್ತೃವಿನ ಒಪ್ಪಿಗೆ, ಹೆಸರಿನ ಗೋಪ್ಯತೆ, ಹೇಳಿದ್ದನ್ನು ಹಿಂದಕ್ಕೆ ಪಡೆಯುವ ಅವರ ಹಕ್ಕು ಇವು ಕ್ಷೇತ್ರಕಾರ್ಯದ ಮೊದಲ ನಿಯಮಗಳಾಗಬೇಕು. ಹಾಗೆಯೇ ನೊಂದವಳನ್ನು ದೇವಿಯಾಗಿಸುವ ಕಥನವನ್ನು ಪರಂಪರೆಯ ಔದಾರ್ಯವೆಂದು ಹೊಗಳುವ ಮೊದಲು, ಬದುಕಿದ್ದಾಗ ಅವಳನ್ನು ಯಾರು ನಂಬಿದರು ಎಂದು ವಿಮರ್ಶೆ ಕೇಳಬೇಕು.

ಒಟ್ಟಿನಲ್ಲಿ ಗಡಿನಾಡಿನ ಈ ಎರಡು ಕಥನಗಳು ಗಾಯ ಮಾಯುವ ಕ್ರಮವನ್ನು ಬಲ್ಲವು: ಆಪ್ತರೊಬ್ಬರ ಮುಂದೆ ಹೇಳಿಕೊಳ್ಳುವುದು, ವಿಚಾರಣೆಯಿಲ್ಲದ ಆಸರೆ, ಮನೆಯವರ ನಂಬಿಕೆ. ಮೊದಲೆರಡು ಅವುಗಳಲ್ಲಿ ಒದಗಿವೆ, ಮೂರನೆಯದು ಒದಗಿಲ್ಲ. ಬೆಳಗಾವಿಯ ಮೈದಾನದಲ್ಲಿ ಓಡಿ ಸೈನ್ಯ ಸೇರಿದ ಮಗಳು ನಾಳೆ ರಜೆಗೆ ಬಂದು ಬೀಸುಕಲ್ಲಿನ ಬದಿಯಲ್ಲಿ ಸುಮ್ಮನೆ ಕುಳಿತರೆ, ಅವಳ ಗೆಳತಿ ಏನು ಹೇಳುತ್ತಾಳೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಇಟ್ಟಂತೆ ಇರು ಎಂಬ ಹಳೆಯ ಉತ್ತರವನ್ನು ಅವಳು ಮತ್ತೆ ಹೇಳಬಾರದು.