ಮಾಡಿನ ಮೇಲಿನ ಗಾಡಿ

ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ದೀಪಾವಳಿಯ ಬೂರೆ ರಾತ್ರಿಯ ಕಥೆ ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಆ ಒಂದು ರಾತ್ರಿ ಹುಡುಗರ ಕಳವಿಗೆ ಊರೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಸೌತೆಕಾಯಿ, ಎಳನೀರು ಕದಿಯುವುದು ಸಣ್ಣ ಸಂಗತಿ. ದೊಡ್ಡ ಕಥೆ ಗಾಡಿಯದು. ಯಾರದೋ ಅಂಗಳದ ಎತ್ತಿನಗಾಡಿಯ ಗಾಲಿ ಕಳಚಿ, ನೊಗ ಬಿಚ್ಚಿ, ಒಂದೊಂದೇ ಭಾಗವನ್ನು ಸದ್ದಿಲ್ಲದೆ ಮೇಲಕ್ಕೆ ಸಾಗಿಸಿ, ಕೊಟ್ಟಿಗೆಯ ಮಾಡಿನ ಮೇಲೆ ಮತ್ತೆ ಜೋಡಿಸಿ ನಿಲ್ಲಿಸುವುದು. ಕಥೆಗೆ ಉಪ್ಪುಖಾರ ಎಷ್ಟು ಸೇರಿದೆಯೋ ಇರಲಿ. ಹೇಳುವವರು ತಪ್ಪದೆ ಒತ್ತಿ ಹೇಳುವುದು ಒಂದೇ ಮಾತು: ಗಾಡಿ ಸರಿಯಾಗಿ ಜೋಡಣೆಯಾಗಿತ್ತು. ಒಂದು ಕೀಲೂ ತಪ್ಪಿರಲಿಲ್ಲ.

ಇದರಿಂದ ಏನು ಲಾಭ? ಏನೂ ಇಲ್ಲ. ಆದರೂ ಕೆಲಸದಲ್ಲಿ ಉಡಾಫೆ ಇಲ್ಲ. ಗುರಿ ಇಲ್ಲದ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುವುದನ್ನು ನಮ್ಮ ವಿಮರ್ಶೆ ಹೇಗೆ ನೋಡಬೇಕು ಎನ್ನುವುದು ನನ್ನ ಪ್ರಶ್ನೆ. ಏಕೆಂದರೆ ಈಗ ಮಾಡಿನ ಮೇಲೆ ಗಾಡಿ ಏರಿಸುವವರು ಅಂತರ್ಜಾಲದಲ್ಲಿದ್ದಾರೆ.

2023ರಲ್ಲಿ ನೀಲ್ ಅಗರ್‌ವಾಲ್ ಎಂಬ ಅಮೆರಿಕದ ಯುವಕ ‘ದಿ ಪಾಸ್‌ವರ್ಡ್ ಗೇಮ್’ ಮಾಡಿದ. ಒಂದು ಪಾಸ್‌ವರ್ಡ್ ಬರೆಯಿರಿ, ಅಷ್ಟೇ ಆಟ. ಮೊದಲು ಐದಕ್ಷರ ಇರಲಿ ಎನ್ನುತ್ತದೆ, ಆಮೇಲೆ ಅಂಕಿ ಬೇಕು ಎನ್ನುತ್ತದೆ. ಅಂಕಿಗಳ ಮೊತ್ತ 25 ಆಗಬೇಕು, ಒಂದು ತಿಂಗಳ ಹೆಸರಿರಬೇಕು, ರೋಮನ್ ಅಂಕಿಗಳನ್ನು ಗುಣಿಸಿದರೆ 35 ಬರಬೇಕು ಎಂದು ಷರತ್ತು ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ಪಾಸ್‌ವರ್ಡ್‌ನೊಳಗೆ ಒಂದು ಕೋಳಿಮೊಟ್ಟೆ ಇಟ್ಟು ಕಾಪಾಡಬೇಕು, ನಡುವೆ ಅಕ್ಷರಗಳಿಗೆ ಬೆಂಕಿ ಬೀಳುತ್ತದೆ, ಮೊಟ್ಟೆ ಒಡೆದು ಬಂದ ಕೋಳಿಗೆ ಹುಳು ತಿನ್ನಿಸಬೇಕು! ಬ್ಯಾಂಕಿನ ಜಾಲತಾಣದ ಮುಂದೆ ತಲೆ ಚಚ್ಚಿಕೊಂಡ ಯಾರಿಗೂ ಇದು ಅಸಂಬದ್ಧ ಅನ್ನಿಸುವುದಿಲ್ಲ.

ಕನ್ನಡದವರಿಗೆ ಇದು ಹೊಸತೂ ಅಲ್ಲ. ಅವಧಾನದಲ್ಲಿ ನಿಷೇಧಾಕ್ಷರಿ ಎಂಬ ಅಂಗವಿದೆ. ಅವಧಾನಿ ಒಂದು ಅಕ್ಷರ ಹೇಳುತ್ತಿದ್ದಂತೆ, ಮುಂದಿನದು ಇಂಥದ್ದು ಇರಕೂಡದು ಎಂದು ಪೃಚ್ಛಕ ತಡೆಯುತ್ತಾನೆ. ಹೆಜ್ಜೆಹೆಜ್ಜೆಗೂ ದಾರಿ ಮುಚ್ಚಿದರೂ ಪದ್ಯ ಛಂದಸ್ಸಿನಲ್ಲೇ ನಡೆದು ಅರ್ಥಕ್ಕೆ ತಲುಪಬೇಕು. ಅದು ಸಾಲದೆಂಬಂತೆ ಅಪ್ರಸ್ತುತ ಪ್ರಸಂಗದವನು ನಡುನಡುವೆ ತಲೆಬುಡವಿಲ್ಲದ ಪ್ರಶ್ನೆ ಹಾಕಿ ಏಕಾಗ್ರತೆ ಕೆಡಿಸುತ್ತಾನೆ. ಅಸಂಬದ್ಧತೆಗೇ ಒಂದು ಕುರ್ಚಿ ಮೀಸಲಿಟ್ಟ ಕಲೆ ಇದು.

ಆದರೆ ಶಾಸ್ತ್ರ ಇಂಥ ಆಟವನ್ನು ಒಪ್ಪಿದ್ದು ಅರೆಮನಸ್ಸಿನಿಂದ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನ ಚಿತ್ರಕಾವ್ಯವನ್ನು ಕಾವ್ಯವಲ್ಲ, ಕಾವ್ಯದ ಅನುಕರಣೆ ಎಂದ. ಮುಂದೆ ಮಮ್ಮಟ ಅದನ್ನು ಕೊನೆಯ ದರ್ಜೆಗೆ ಇಳಿಸಿದ. ಅವರು ರಸ-ಧ್ವನಿಗಳ ಅಳತೆಗೋಲು ಹಿಡಿದಿದ್ದರು, ಆ ಗೋಲಿಗೆ ಚಕ್ರಬಂಧ ಗಿಡ್ಡವಾಗಿಯೇ ಕಾಣಬೇಕು. ನನ್ನ ತಕರಾರು ತೀರ್ಪಿನ ಬಗ್ಗೆ ಅಲ್ಲ, ಗೋಲಿನ ಬಗ್ಗೆ. ಆಟವನ್ನು ಅಳೆಯಲು ಆಟದ್ದೇ ಮಾನದಂಡ ಬೇಕು.

ಅಂಥ ಮಾನದಂಡ ಯಾವುದು? ಮೊದಲನೆಯದು ನಿಯಮನಿಷ್ಠೆ: ಗಾಡಿ ಅರೆಬರೆ ಜೋಡಣೆಯಾಗಿದ್ದರೆ ಅದು ಬರೀ ಕಿಡಿಗೇಡಿತನ. ಎರಡನೆಯದು, ಬೆಳಗ್ಗೆ ಗಾಡಿಯ ಯಜಮಾನನಿಗೂ ನಗಲು ಜಾಗವಿರಬೇಕು. ಬಡವನ ಹಿತ್ತಲಿನ ಮಾರುವ ತರಕಾರಿ ಕದ್ದರೆ ಅದು ಬೂರೆಯಲ್ಲ, ಕಳವು. ತಮಾಷೆಯ ಮುಖವಾಡ ಹಾಕಿಕೊಂಡು ನಮ್ಮ ಮಾಹಿತಿ ದೋಚುವ ಜಾಲತಾಣಗಳು ಇಲ್ಲೇ ಸೋಲುತ್ತವೆ. ಮೂರನೆಯದು, ಮಾಡಿದವನು ಊಹಿಸದ ಆಟಕ್ಕೂ ಅದು ಎಡೆ ಕೊಡಬೇಕು.

ಮೂರನೆಯದಕ್ಕೆ ಒಳ್ಳೆಯ ನಿದರ್ಶನ 2024ರ ಜೂನ್‌ನಲ್ಲಿ ನೋಲನ್ ರಾಯಲ್ಟಿ ಮಾಡಿದ ‘ಒನ್ ಮಿಲಿಯನ್ ಚೆಕ್‌ಬಾಕ್ಸಸ್’. ಒಂದು ಪುಟದಲ್ಲಿ ಹತ್ತು ಲಕ್ಷ ಚೌಕಗಳು. ನೀವು ಒಂದಕ್ಕೆ ಗುರುತು ಹಾಕಿದರೆ ಜಗತ್ತಿನಲ್ಲಿ ಎಲ್ಲರಿಗೂ ಅದು ಕಾಣುತ್ತದೆ, ಇನ್ಯಾರೋ ಅಳಿಸುತ್ತಾರೆ. ಎರಡು ವಾರ ನಡೆಯಿತು. ನಡುವೆ ಒಂದು ದಿನ ರಾಯಲ್ಟಿಗೆ ತನ್ನ ದತ್ತಾಂಶದಲ್ಲಿ ವಿಚಿತ್ರ ಬರಹ ಕಂಡಿತು. ಯಾರೋ ಕನ್ನ ಹಾಕಿದ್ದಾರೆಂದು ಗಾಬರಿಯಾದ. ನೋಡಿದರೆ, ಹದಿಹರೆಯದ ಹುಡುಗರ ಗುಂಪೊಂದು ಗುರುತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ಹಿಡಿದು ಚೌಕಗಳಲ್ಲೇ ಗುಪ್ತ ಸಂದೇಶ ಬರೆದಿತ್ತು. ಸಾವಿರ ಅಡ್ಡ, ಸಾವಿರ ಉದ್ದ ಜೋಡಿಸಿದರೆ ಚಿತ್ರಗಳೂ ಮೂಡುತ್ತಿದ್ದವು. ಚೌಕದೊಳಗೆ ಓದು ಅಡಗಿಸುವ ಈ ಹಂಬಲ ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬದ ಅಂಕಿಗಳಲ್ಲಿ ಕಾವ್ಯ ಹುದುಗಿಸಿದ ‘ಸಿರಿಭೂವಲಯ’ ಕೇಳಿಬಲ್ಲವರಿಗೆ ಅಪರಿಚಿತವಲ್ಲ.

ಹಾಗಾದರೆ ಕನ್ನಡದ ಅಂತರ್ಜಾಲದಲ್ಲಿ ಇಂಥ ಆಟ ಎಲ್ಲಿದೆ? ನನಗೆ ಮೊದಲು ನೆನಪಾಗುವುದು ‘ಪದ್ಯಪಾನ’. ಸಮಸ್ಯೆ, ದತ್ತಪದ ಅಥವಾ ಒಂದು ಚಿತ್ರ ಕೊಡುತ್ತಾರೆ. ಆಸಕ್ತರು ಛಂದೋಬದ್ಧವಾಗಿ ಪದ್ಯ ಕಟ್ಟುತ್ತಾರೆ, ಒಬ್ಬರದನ್ನು ಒಬ್ಬರು ತಿದ್ದುತ್ತಾರೆ. ಬಹುಮಾನವಿಲ್ಲ, ಪಗಾರವಿಲ್ಲ. ನಿಯಮನಿಷ್ಠೆಯಲ್ಲಿ ಅದಕ್ಕೆ ಪೂರ್ಣ ಅಂಕ. ನನ್ನ ಕೊರತೆ ಎಂದರೆ, ಹಳಗನ್ನಡದ ಹೊಸ್ತಿಲು ಎತ್ತರವಾಗಿರುವುದರಿಂದ ಹೊಸಬ ಅಂಗಳದಲ್ಲೇ ನಿಂತು ನೋಡಬೇಕಾಗುತ್ತದೆ. ಮೊಟ್ಟೆಗೆ ಬೆಂಕಿ ಬೀಳುವಂಥ ಶುದ್ಧ ಹುಚ್ಚಾಟಕ್ಕೂ ಅಲ್ಲಿ ಎಡೆ ಕಡಿಮೆ.

ಆ ಹುಚ್ಚಾಟಕ್ಕೆ ಸಾಮಗ್ರಿಯ ಬರವೇನೂ ಇಲ್ಲ. ವಿ. ಕೃಷ್ಣ ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದಗಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಅದನ್ನಿಟ್ಟುಕೊಂಡು ಒಬ್ಬ ವಿದ್ಯಾರ್ಥಿ ಸುಮ್ಮನೆ ಮೋಜಿಗೆ, ಐದು ಮನೆಗಳಲ್ಲಿ ಪದ ಊಹಿಸುವ ಆಟ ಮಾಡಲು ಹೊರಟ ಎನ್ನಿ. ಮೊದಲ ದಿನವೇ ‘ಸ್ತ್ರೀ’ ಎದುರಾಗುತ್ತಾಳೆ. ಯುನಿಕೋಡ್ ಲೆಕ್ಕದಲ್ಲಿ ಅವಳು ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ. ಓದುವ ಕಣ್ಣಿಗೆ ಒಂದೇ ಅಕ್ಷರ. ಆಟದಲ್ಲಿ ಅವಳಿಗೆ ಎಷ್ಟು ಮನೆ? ಇದು ಛಂದಸ್ಸಿನ ಪಾಠದ ಮೊದಲ ಪುಟದ ಪ್ರಶ್ನೆ. ತರಗತಿಯಲ್ಲಿ ಆಕಳಿಸಿದವನು ಇಲ್ಲಿ ರಾತ್ರಿಯೆಲ್ಲ ಕೂತು ಉತ್ತರ ಹುಡುಕುತ್ತಾನೆ.

ಅಂತರ್ಜಾಲದ ಕನ್ನಡದಲ್ಲಿ ಅಭಿಮಾನ, ದೂರು, ಶುಭಾಶಯ ಧಾರಾಳವಾಗಿವೆ. ‘ಕನ್ನಡ ಉಳಿಸಿ’ ಎಂಬ ಕರೆಯೂ ಇದೆ. ಹುಚ್ಚಾಟ ಮಾತ್ರ ಕಡಿಮೆ. ಸ್ವಂತದ ತಮಾಷೆ ಮಾಡಲು ಕೂತಾಗ ನಮ್ಮ ಹುಡುಗರು ಇಂಗ್ಲಿಷ್‌ಗೆ ಹೊರಳುತ್ತಾರೆ. ಅರ್ಜಿಗೆ ಮಾತ್ರ ಬಳಕೆಯಾಗುವ ಭಾಷೆ ಕಚೇರಿಯ ಭಾಷೆ. ಅದಕ್ಕೆ ಗೌರವ ಸಿಗಬಹುದು, ಗೆಳೆಯರು ಸಿಗುವುದಿಲ್ಲ. ‘ಇದು ಬಯೋಡೇಟಾಕ್ಕೆ ಬರುತ್ತದಾ?’ ಎಂದು ಕೇಳಿಕೊಂಡು ಕೈಬಿಟ್ಟ ಒಂದೊಂದು ಆಟದಿಂದಲೂ ನಾವು ಕಳೆದುಕೊಳ್ಳುವುದು ಇದನ್ನೇ.

ನನಗೊಂದು ಪುಟದ ಆಸೆಯಿದೆ. ಲಿಂಗನಮಕ್ಕಿಯ ಹಿನ್ನೀರು ತುಂಬಿದಾಗಿನಿಂದ ತುಮರಿಯ ಕಡೆಯ ಜನ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದರು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಕಾಯುವ ಕಷ್ಟ ತೀರಿದ್ದು ಒಳ್ಳೆಯದೇ ಆಯಿತು, ಅದರ ಬಗ್ಗೆ ಹಳಹಳಿಕೆ ಬೇಡ. ನನ್ನ ಪುಟದಲ್ಲಿ ಬರೀ ನೀರು, ಒಂದು ದಡ, ಒಂದು ಗುಂಡಿ. ಗುಂಡಿಯ ಮೇಲೆ ‘ಲಾಂಚ್ ಬಂತಾ?’ ಎಂದಿರುತ್ತದೆ. ಒತ್ತಿದರೆ ‘ಆ ದಡದಲ್ಲಿದೆ, ಕೂತ್ಕಳಿ’ ಎಂಬ ಉತ್ತರ. ಮತ್ತೆ ಒತ್ತಿದರೂ ಅದೇ. ಅರ್ಧ ಗಂಟೆ ತಾಳ್ಮೆಯಿಂದ ಕೂತವರಿಗೆ ಮಾತ್ರ ದೂರದಲ್ಲಿ ಒಂದು ಚುಕ್ಕೆ ಕಾಣಬೇಕು, ಅದೂ ಸರಿಯಾದ ವೇಗದಲ್ಲೇ ಹತ್ತಿರ ಬರಬೇಕು. ಯಾರಾದರೂ ಮಾಡುವುದಾದರೆ ಒಂದು ಕೀಲೂ ತಪ್ಪದಂತೆ ಮಾಡಿ.